ಹಂದಿ ಮಾಂಸದಲ್ಲಿ ಸಾಬಕ್ಕಿ ಕಾಳು: ಲಾಡಿಹುಳು ತಡೆಯಲು ಮಲೆನಾಡಿನ ಸಣ್ಣ ಸಾಕಣೆದಾರರು ಏನು ಮಾಡಬೇಕು?

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ವರ್ಷ ಸಾಗರದ ಕಡೆಯಿಂದ, ಇನ್ನೊಂದು ವರ್ಷ ಹೊಸನಗರದಿಂದ, ಮತ್ತೊಂದು ವರ್ಷ ಕೊಪ್ಪದಿಂದ. "ಹಂದಿ ಕೊಯ್ದೆವು. ಮಾಂಸದೊಳಗೆ ಬಿಳಿ ಬಿಳಿ ಕಾಳು ಕಾಣ್ತಿದೆ. ಚೆನ್ನಾಗಿ ಬೇಯಿಸಿದರೆ ಆಗಲ್ವಾ? ಉಳಿದ ಹಂದಿಗಳಿಗೆ ಯಾವ ಔಷಧಿ ಹಾಕಬೇಕು?"

ಚಿಕ್ಕ ಉತ್ತರ ಇಷ್ಟು. ಆ ಮಾಂಸ ತಿನ್ನಬೇಡಿ, ಮಾರಲೂ ಬೇಡಿ. ಉಳಿದ ಹಂದಿಗಳಿಗೆ ಔಷಧಿ ಇದೆ. ಆದರೆ ಔಷಧಿ ಅಂಗಡಿಗೆ ಹೋಗುವ ಮುಂಚೆ ಒಮ್ಮೆ ನಿಮ್ಮ ಮನೆಯ ಕಕ್ಕಸು ಗುಂಡಿ ನೋಡಿ ಬನ್ನಿ. ಹಂದಿಗೆ ಈ ಕಾಯಿಲೆ ಬರುವುದು ಹಂದಿಯಿಂದಲ್ಲ, ನಮ್ಮಿಂದ.

ದೊಡ್ಡ ಉತ್ತರ ಕೆಳಗಿದೆ. ಎರಡು ಹಂದಿ ಇರುವವರಿಂದ ಹಿಡಿದು ಇಪ್ಪತ್ತು ಹಂದಿ ಇರುವವರವರೆಗೆ ಯಾರು ಬೇಕಾದರೂ ಮಾಡಬಹುದಾದ ಕೆಲಸ.

ಮೊದಲು ಹುಳದ ದಾರಿ ತಿಳಿದುಕೊಳ್ಳಿ

ಲಾಡಿ ಅಂದರೆ ಲಂಗಕ್ಕೋ ಪೈಜಾಮಕ್ಕೋ ಹಾಕುವ ಚಪ್ಪಟೆ ದಾರ. ಈ ಹುಳ ನೋಡಲು ಹಾಗೇ ಇರುತ್ತದೆ. ಬಿಳಿ, ಚಪ್ಪಟೆ, ತುಂಡು ತುಂಡು ಜೋಡಿಸಿದ ಹಾಗೆ. ಉದ್ದ 2ರಿಂದ 7 ಮೀಟರ್. ಇದರ ವೈಜ್ಞಾನಿಕ ಹೆಸರು ಟೀನಿಯಾ ಸೋಲಿಯಂ. ಹಂದಿಯ ಲಾಡಿಹುಳು ಎಂದು ಕರೆಯುತ್ತೇವೆ, ಆದರೆ ಬೆಳೆದ ಹುಳ ವಾಸ ಮಾಡುವುದು ಮನುಷ್ಯನ ಕರುಳಿನಲ್ಲಿ. ಹಂದಿಯ ಕರುಳಿನಲ್ಲಿ ಇದು ಇರುವುದೇ ಇಲ್ಲ. ಹೆಸರಿನಿಂದಲೇ ಅರ್ಧ ಗೊಂದಲ.

ಹುಳದ ಬಾಲದ ಕಡೆಯ ತುಂಡುಗಳು ಕಳಚಿ ಮಲದ ಜೊತೆ ಹೊರಗೆ ಬರುತ್ತವೆ. ಒಂದೊಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆ ಇರಬಹುದು. ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ತಂಪು, ತೇವ ಇರುವ ಕಡೆ ಅವು ತಿಂಗಳುಗಟ್ಟಲೆ ಸಾಯುವುದಿಲ್ಲ. ನಮ್ಮ ಕಡೆ ತಂಪಿಗೂ ತೇವಕ್ಕೂ ಬರವೇ?

ಆ ಮಲವನ್ನು ಹಂದಿ ತಿನ್ನುತ್ತದೆ. ಮೊಟ್ಟೆ ಒಡೆದು ಮರಿ ಹೊರಬಂದು, ರಕ್ತದ ಮೂಲಕ ನಾಲಿಗೆ, ಹೃದಯ, ತೊಡೆ, ಭುಜ, ಮೆದುಳು ಸೇರಿ, ಎರಡು ಮೂರು ತಿಂಗಳಲ್ಲಿ ನೀರುಗುಳ್ಳೆ ಆಗುತ್ತದೆ. ಇದನ್ನು ವೈದ್ಯರು ಸಿಸ್ಟಿಸರ್ಕಸ್ ಎನ್ನುತ್ತಾರೆ. ನಾನು ಗುಳ್ಳೆ ಎಂದೇ ಬರೆಯುತ್ತೇನೆ. ಗುಳ್ಳೆ ಇರುವ ಮಾಂಸವನ್ನು ಅರೆಬೆಂದದ್ದು ತಿಂದವರ ಹೊಟ್ಟೆಯಲ್ಲಿ ಮತ್ತೆ ಲಾಡಿಹುಳು. ಅಲ್ಲಿಗೆ ಒಂದು ಸುತ್ತು ಮುಗಿಯಿತು.

ಇನ್ನೊಂದು ದಾರಿ ಇದೆ. ಭಯ ಪಡಬೇಕಾದದ್ದು ಅದಕ್ಕೆ. ಹುಳದ ಮೊಟ್ಟೆ ಹಂದಿಯ ಬದಲು ಮನುಷ್ಯನ ಬಾಯಿಗೆ ಹೋದರೆ, ಗುಳ್ಳೆ ಮನುಷ್ಯನ ಮೈಯಲ್ಲೇ ಆಗುತ್ತದೆ. ಮೆದುಳಿನಲ್ಲಿ ಆದರೆ ಫಿಟ್ಸ್ ಅಂದರೆ ಮೂರ್ಛೆ ರೋಗ ಬರುತ್ತದೆ. ಈ ಹುಳ ಬೇರೂರಿರುವ ಪ್ರದೇಶಗಳಲ್ಲಿ ಫಿಟ್ಸ್ ಇರುವವರಲ್ಲಿ ಸುಮಾರು ಶೇಕಡಾ 30 ಜನರಿಗೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ಹಂದಿ ಮಾಂಸ ತಿನ್ನಲೇಬೇಕೆಂದಿಲ್ಲ. ಹುಳ ಇರುವವರು ಕೈ ತೊಳೆಯದೆ ಬಡಿಸಿದ ಊಟ, ತೊಳೆಯದ ಸೊಪ್ಪು, ಹಳ್ಳದ ನೀರು ಸಾಕು. ಹುಟ್ಟಿನಿಂದ ಮಾಂಸ ಮುಟ್ಟದವರ ಮೆದುಳಿನಲ್ಲೂ ಗುಳ್ಳೆ ಕಾಣುವುದು ಇದೇ ಕಾರಣಕ್ಕೆ. "ನಾವು ಹಂದಿ ತಿನ್ನಲ್ಲ, ನಮಗ್ಯಾಕೆ ಇದೆಲ್ಲ" ಎನ್ನುವ ಪಕ್ಕದ ಮನೆಯವರಿಗೂ ಈ ಲೇಖನ ಓದಿಸಿ.

ಏನೇನು ಬೇಕು

ಒಂದು ಗಟ್ಟಿ ಕೋಲು, ಹಗ್ಗ, ಹಳೆಯ ಬಟ್ಟೆ, ಟೈಲರ್ ಬಳಸುವ ಅಳತೆ ಟೇಪು, ಗೂಡಿನಲ್ಲಿ ನೇತುಹಾಕಲು ಒಂದು ಕ್ಯಾಲೆಂಡರ್, ಸೋಪು. ಜೊತೆಗೆ ಪಶುವೈದ್ಯರ ನಂಬರ್. ಯಾರೂ ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಇದೆ. ಶಿವಮೊಗ್ಗ ಹತ್ತಿರ ಇರುವವರಿಗೆ ವಿನೋಬನಗರದ ಪಶುವೈದ್ಯಕೀಯ ಕಾಲೇಜು ಇದೆ.

ಹಂತ 1: ನಾಲಿಗೆ ನೋಡಿ

ಗುಳ್ಳೆ ಆದ ಹಂದಿ ಸಾಮಾನ್ಯವಾಗಿ ಕಾಯಿಲೆ ಬಿದ್ದಂತೆ ಕಾಣುವುದಿಲ್ಲ. ಚೆನ್ನಾಗಿ ತಿನ್ನುತ್ತದೆ, ಮೈ ಹಿಡಿಯುತ್ತದೆ, ಮರಿ ಹಾಕುತ್ತದೆ. ಆದ್ದರಿಂದ ಕೊಯ್ಯುವ ದಿನದವರೆಗೂ ನಮಗೆ ಗೊತ್ತೇ ಆಗುವುದಿಲ್ಲ. ಬದುಕಿರುವಾಗ ಮನೆಯಲ್ಲೇ ನೋಡಬಹುದಾದ ಒಂದೇ ಜಾಗ ನಾಲಿಗೆ.

ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಮೇವು ಹಾಕುವ ಮುಂಚೆ ಮಾಡಿ. ಇಬ್ಬರು ಬೇಕು. ದೊಡ್ಡ ಹಂದಿಯಾದರೆ ಮೇಲ್ದವಡೆಗೆ, ಕೋರೆಹಲ್ಲಿನ ಹಿಂದೆ, ಹಗ್ಗದ ಕುಣಿಕೆ ಹಾಕಿ ಒಬ್ಬರು ಹಿಡಿಯಬೇಕು. ಇನ್ನೊಬ್ಬರು ಕೋಲನ್ನು ಬಾಯಿಗೆ ಅಡ್ಡ ಕೊಡಬೇಕು. ಹಂದಿ ಕೋಲನ್ನು ಕಚ್ಚಿಕೊಂಡಾಗ, ಒಣ ಬಟ್ಟೆಯಿಂದ ನಾಲಿಗೆ ಹಿಡಿದು ಪಕ್ಕಕ್ಕೆ ಎಳೆಯಿರಿ. ಬಟ್ಟೆ ಇಲ್ಲದೆ ಹಿಡಿದರೆ ಜಾರುತ್ತದೆ. ನಾಲಿಗೆಯ ಅಡಿಭಾಗ ನೋಡಿ, ಆಮೇಲೆ ಹೆಬ್ಬೆರಳಿನಿಂದ ಬುಡದಿಂದ ತುದಿಯವರೆಗೆ ಒತ್ತಿ ಸವರಿ. ಗುಳ್ಳೆ ಇದ್ದರೆ ಚರ್ಮದಡಿ ನೆನೆದ ಅವರೆಕಾಳು ಸಿಕ್ಕಿಕೊಂಡ ಹಾಗೆ ಕೈಗೆ ತಾಗುತ್ತದೆ. ಮೊದಲ ಸಲ ಮಾಡುವಾಗ ಪಶುವೈದ್ಯರನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಎರಡನೇ ಸಲಕ್ಕೆ ನಿಮ್ಮ ಕೈಗೇ ಗೊತ್ತಾಗುತ್ತದೆ.

ಎಡವುವ ಜಾಗಗಳು:

ನಾಲಿಗೆಯಲ್ಲಿ ಗುಳ್ಳೆ ಸಿಕ್ಕರೆ ಕಾಯಿಲೆ ಇದೆ ಎಂದು ಬಹುತೇಕ ಖಚಿತ. ಸಿಗದಿದ್ದರೆ ಇಲ್ಲ ಎಂದು ಹೇಳಲು ಬರುವುದಿಲ್ಲ. ಗುಳ್ಳೆ ಕಡಿಮೆ ಇರುವ ಹಂದಿಗಳಲ್ಲಿ ನಾಲಿಗೆ ನುಣ್ಣಗೇ ಇರುತ್ತದೆ. ಐದು ಹಂದಿಯಲ್ಲಿ ಒಂದಕ್ಕೆ ಸಿಕ್ಕರೆ ಐದಕ್ಕೂ ಇದೆ ಎಂದೇ ಲೆಕ್ಕ ಹಿಡಿಯಿರಿ. ಎಲ್ಲವೂ ಒಂದೇ ಜಾಗದಲ್ಲಿ ಮೇದದ್ದು ತಾನೆ.

ಗಬ್ಬದ ಹಂದಿಯನ್ನು ಹೀಗೆ ಹಿಡಿದು ಎಳೆದಾಡಬೇಡಿ. ಬಿಸಿಲಲ್ಲೂ ಬೇಡ. ಹಂದಿಗೆ ನಮ್ಮ ಹಾಗೆ ಬೆವರುವುದಿಲ್ಲ, ಗಾಬರಿಗೆ ಏದುಸಿರು ಬಿಟ್ಟು ಸತ್ತೇ ಹೋಗಬಹುದು.

ಗುಳ್ಳೆ ಇರುವ ಹಂದಿಯನ್ನು ಮುಟ್ಟಿದರೆ ನಿಮಗೆ ಅಂಟುವುದಿಲ್ಲ. ಆ ಹಂದಿಯಿಂದ ಪಕ್ಕದ ಹಂದಿಗೂ ಅಂಟುವುದಿಲ್ಲ. ಹಂದಿಯ ಸಗಣಿಯಲ್ಲಿ ಈ ಹುಳದ ಮೊಟ್ಟೆ ಇರುವುದಿಲ್ಲ. ಬೇರೆ ಗೂಡು ಕಟ್ಟಿ ಅದನ್ನು ಒಂದೇ ಇಡುವ ಖರ್ಚು ಉಳಿಸಿ. ಆ ದುಡ್ಡು ಮುಂದಿನ ಎರಡು ಹಂತಕ್ಕೆ ಬೇಕು.

ಹಂತ 2: ಹಂದಿಯನ್ನು ಕಟ್ಟಿ ಸಾಕಿ

ಬಿಟ್ಟು ಮೇಯಿಸಿದರೆ ಖರ್ಚಿಲ್ಲ ಎನ್ನುವ ಮಾತು ನಿಜ. ಅದಕ್ಕೇ ಎಲ್ಲರೂ ಬಿಡುತ್ತಾರೆ. ಆದರೆ ಊರಿನಲ್ಲಿ ಒಬ್ಬರಿಗೆ ಲಾಡಿಹುಳು ಇದ್ದು, ಅವರು ತೋಟದ ಮೂಲೆಗೋ ಹಳ್ಳದ ದಂಡೆಗೋ ಹೋಗುವವರಾದರೆ, ಬಿಟ್ಟ ಹಂದಿ ಅಲ್ಲಿಗೆ ಹೋಗಿಯೇ ಹೋಗುತ್ತದೆ. ಹಂದಿಯ ಮೂಗಿಗೆ ಯಾವ ಮೂಲೆಯೂ ಗುಟ್ಟಲ್ಲ.

ಗೂಡಿಗೆ ದೊಡ್ಡ ಬಂಡವಾಳ ಬೇಡ. ಜಂಬಿಟ್ಟಿಗೆ ಕಲ್ಲಿನ 4 ಅಡಿ ಗೋಡೆ, ಮೇಲೆ ಹೆಂಚೋ ಶೀಟೋ, ನೆಲಕ್ಕೆ ಸಿಮೆಂಟು, ನೀರು ಹರಿದುಹೋಗಲು ಇಳಿಜಾರು. ಬೆಳೆಯುವ ಹಂದಿಗೆ ಒಂದಕ್ಕೆ 10ರಿಂದ 12 ಚದರ ಅಡಿ, ಮರಿ ಹಾಕಿದ ತಾಯಿಗೆ ಸುಮಾರು 80 ಚದರ ಅಡಿ ಲೆಕ್ಕ. ಅಡಿಕೆ ದಬ್ಬೆಯ ಬೇಲಿ ಅಗ್ಗ, ಆದರೆ ಹಂದಿ ಬುಡ ಅಗೆದು ಹೊರಬರುತ್ತದೆ. ದಬ್ಬೆಯೇ ಹಾಕುವುದಾದರೆ ಕೆಳಗೆ ಎರಡು ಸಾಲು ಕಲ್ಲು ಕೂರಿಸಿ.

ಇಲ್ಲಿ ನಾವು ಮರೆಯುವ ಸಂಗತಿ ದರಗು. ಗೂಡಿನಲ್ಲಿ ಹಾಸಲು ಸೊಪ್ಪಿನ ಬೆಟ್ಟದಿಂದ ಒಣಗಿದ ಎಲೆ ಗುಡಿಸಿ ತರುತ್ತೇವೆ. ಬಹಿರ್ದೆಸೆಗೆ ಜನ ಹೋಗುವುದೂ ಅದೇ ಬೆಟ್ಟಕ್ಕೆ. ಹಂದಿಯನ್ನು ಒಳಗೆ ಕಟ್ಟಿ, ಹೊರಗಿನ ಮೊಟ್ಟೆಯನ್ನು ನಾವೇ ಬುಟ್ಟಿಯಲ್ಲಿ ತುಂಬಿ ತಂದ ಹಾಗಾಯಿತು. ದರಗನ್ನು ದನದ ಕೊಟ್ಟಿಗೆಗೆ ಬಳಸಿ, ಹಂದಿಗೆ ಭತ್ತದ ಹುಲ್ಲು ಅಥವಾ ಮರದ ಹೊಟ್ಟು ಹಾಕಿ.

ಮೇವಿನ ವಿಷಯ ಬೇಗ ಮುಗಿಸುತ್ತೇನೆ. ಕಲಗಚ್ಚು, ಹೋಟೆಲ್ ಮುಸುರೆ ಏನೇ ಇರಲಿ, ಕುದಿಸಿ ಕೊಡಿ. ಹಂದಿ ಕೊಯ್ದಾಗ ಉಳಿದ ಚೂರು ಅದರಲ್ಲಿ ಸೇರಬಾರದು. ತೌಡು, ಹಲಸಿನ ಸಿಪ್ಪೆ, ಬೇಯಿಸಿದ ಕೆಸುವಿನ ಸೊಪ್ಪು ಎಲ್ಲ ಆಗುತ್ತದೆ. ತಗ್ಗಿನ ಹಳ್ಳದ ನೀರು ಕುಡಿಸಬೇಡಿ, ಬಾವಿ ನೀರು ಕೊಡಿ.

ಹಂತ 3: ಕಕ್ಕಸು ಗುಂಡಿ

"ನಮ್ಮ ಮನೆಯಲ್ಲಿ ಟಾಯ್ಲೆಟ್ ಇದೆಯಲ್ಲ" ಎಂದು ಈ ಹಂತ ದಾಟಿ ಹೋಗಬೇಡಿ. ನಾನು ನೋಡಿದ ಮಟ್ಟಿಗೆ ಮಲೆನಾಡಿನಲ್ಲಿ ತೊಂದರೆ ಟಾಯ್ಲೆಟ್ ಇಲ್ಲದ್ದಕ್ಕಿಂತ ಗುಂಡಿಯದ್ದೇ ಜಾಸ್ತಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಭೂಮಿ ನೀರು ಕುಡಿಯುವುದನ್ನೇ ನಿಲ್ಲಿಸುತ್ತದೆ. ಒಂದೇ ಗುಂಡಿಯ ಕಕ್ಕಸು ಜುಲೈನಲ್ಲಿ ಮೇಲಕ್ಕೆ ಉಕ್ಕುತ್ತದೆ. ಆಗ ಏನು ಮಾಡುತ್ತೇವೆ? ಪಕ್ಕದಿಂದ ಒಂದು ಪೈಪು ತೂರಿಸಿ ತೋಟದ ಕಪ್ಪಿಗೆ, ಅಂದರೆ ಬಸಿಗಾಲುವೆಗೆ, ಬಿಡುತ್ತೇವೆ. ಮಳೆಯಲ್ಲಿ ಯಾರಿಗೂ ವಾಸನೆ ಬರುವುದಿಲ್ಲ. ಆ ಕಪ್ಪಿನ ನೀರು ಕೆಳಗಿನ ಮನೆಯವರ ಹಂದಿ ಹೊರಳಾಡುವ ಹೊಂಡಕ್ಕೆ ಹೋಗುತ್ತದೆ.

ಹೀಗೆ ಮಾಡಿ:

ಮೇ ತಿಂಗಳಲ್ಲೇ ಗುಂಡಿಯ ಮುಚ್ಚಳ ತೆಗೆದು ನೋಡಿ. ಮುಕ್ಕಾಲು ತುಂಬಿದ್ದರೆ ಮಳೆಗಾಲ ದಾಟುವುದಿಲ್ಲ. ಎರಡು ಗುಂಡಿಯ ಪದ್ಧತಿ ನಮ್ಮ ಕಡೆಗೆ ಒಳ್ಳೆಯದು. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ, ಇನ್ನೊಂದಕ್ಕೆ ತಿರುಗಿಸಬೇಕು. ತಿರುಗಿಸುವ ಚೇಂಬರ್‌ನಲ್ಲಿ ಒಂದು ದಾರಿಗೆ ಇಟ್ಟಿಗೆಯೋ ಗೋಣಿಯೋ ಅಡ್ಡ ಇರಬೇಕು. ಎಷ್ಟೋ ಮನೆಯಲ್ಲಿ ಎರಡೂ ತೆರೆದೇ ಇರುತ್ತವೆ. ಎರಡೂ ಒಟ್ಟಿಗೆ ತುಂಬಿ, ಎರಡು ಗುಂಡಿ ತೋಡಿದ್ದು ದಂಡವಾಗುತ್ತದೆ.

ಗುಂಡಿಯ ರಿಂಗನ್ನು ನೆಲಮಟ್ಟಕ್ಕಿಂತ ಒಂದಡಿ ಎತ್ತರಿಸಿ, ಸುತ್ತ ಮಣ್ಣು ಏರಿಸಿ. ಮೇಲಿನಿಂದ ಹರಿದು ಬರುವ ನೀರು ಗುಂಡಿಗೆ ಇಳಿಯಬಾರದು. ಕುಡಿಯುವ ನೀರಿನ ಬಾವಿಗೆ 30 ಅಡಿಗಿಂತ ಹತ್ತಿರ ಗುಂಡಿ ಬೇಡ.

ತುಂಬಿದ ಗುಂಡಿಯ ಗೊಬ್ಬರವನ್ನು ಅಡಿಕೆ ಬುಡಕ್ಕೆ ಹಾಕುವವರಿದ್ದಾರೆ. ಹಾಕಿ, ಆದರೆ ಅವಸರ ಬೇಡ. ಗುಂಡಿ ಮುಚ್ಚಿದ ಮೇಲೆ ಎರಡು ಮಳೆಗಾಲ ಪೂರ್ತಿ ದಾಟಲಿ ಎಂಬುದು ನನ್ನ ಲೆಕ್ಕ. ಒಣ ಸೀಮೆಯವರು ಇನ್ನೂ ಬೇಗ ತೆಗೆಯಬಹುದು. ನಮ್ಮ ತೇವದಲ್ಲಿ ಮೊಟ್ಟೆ ಬೇಗ ಸಾಯುವುದಿಲ್ಲ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಸುರಿದರೆ ಹುಳದ ಮೊಟ್ಟೆ ಸಾಯುತ್ತದೆ ಎಂದು ನಂಬಿ ಕೂರಬೇಡಿ. ಗಟ್ಟಿ ಚಿಪ್ಪಿನ ಮೊಟ್ಟೆ ಅದು.

ಚಿಕ್ಕ ಮಕ್ಕಳ ಕಕ್ಕವನ್ನು ಬಾಳೆ ಬುಡಕ್ಕೆ ಎಸೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಅದೂ ಕಕ್ಕಸಿಗೇ ಹೋಗಬೇಕು.

ಕೊನೆಕೊಯ್ಲಿನ ಸಮಯದ ಮಾತು. ದೀಪಾವಳಿ ಆಸುಪಾಸಿಗೆ ಅಡಿಕೆ ಕೊಯ್ಲು ಶುರುವಾದರೆ ಹೊರಗಿನಿಂದ ಕೆಲಸದವರು ಬಂದು ತಿಂಗಳುಗಟ್ಟಲೆ ತೋಟದ ಶೆಡ್ಡಿನಲ್ಲಿ ಇರುತ್ತಾರೆ. ಶೆಡ್ಡಿಗೆ ಕರೆಂಟ್ ಕೊಡುತ್ತೇವೆ, ನೀರಿನ ಟ್ಯಾಂಕ್ ಇಡುತ್ತೇವೆ, ಕಕ್ಕಸು ಮಾತ್ರ ಇರುವುದಿಲ್ಲ. ಆಮೇಲೆ "ಅವರಿಂದಲೇ ಕಾಯಿಲೆ ಬಂತು" ಎಂದು ದೂರುತ್ತೇವೆ. ಹುಳ ಯಜಮಾನರ ಹೊಟ್ಟೆಯಲ್ಲೂ ಇರಬಹುದು, ಅದಕ್ಕೆ ಪಹಣಿ ಬೇಕಿಲ್ಲ. ಹತ್ತು ಜನ ಉಳಿಯುವ ಕಡೆ ಒಂದು ಕಕ್ಕಸು, ಒಂದು ಬಕೆಟ್, ಒಂದು ಸೋಪು ಇಡುವುದು ತೋಟದ ಮಾಲೀಕರ ಕೆಲಸ.

ಹಂತ 4: ಮನೆಯವರ ಹೊಟ್ಟೆ

ಹಂದಿಗೆ ಗುಳ್ಳೆ ಸಿಕ್ಕಿತೆಂದರೆ ಆಸುಪಾಸಿನಲ್ಲಿ ಯಾರಿಗೋ ಲಾಡಿಹುಳು ಇದೆ ಅಥವಾ ಈಚೆಗೆ ಇತ್ತು ಎಂದರ್ಥ. ಇದ್ದವರಿಗೆ ಅನೇಕ ಸಲ ಏನೂ ತೊಂದರೆ ಗೊತ್ತಾಗುವುದಿಲ್ಲ. ಸ್ವಲ್ಪ ಹೊಟ್ಟೆನೋವು, ಹಸಿವಿನಲ್ಲಿ ಏರುಪೇರು, ಅಷ್ಟೇ. ಮಲದಲ್ಲಿ ಸೋರೆ ಬೀಜದ ಹಾಗೆ ಬಿಳಿ ಚಪ್ಪಟೆ ತುಂಡು ಕಂಡರೆ ಅದು ಲಾಡಿಹುಳದ್ದು ಇರಬಹುದು. ನಾಚಿಕೊಳ್ಳದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಿ. ಮಲಪರೀಕ್ಷೆ ಮಾಡುತ್ತಾರೆ. ಒಂದು ದಿನದ ಪರೀಕ್ಷೆಯಲ್ಲಿ ಸಿಗದೆ ಇರಬಹುದು, ಬೇರೆ ಬೇರೆ ದಿನದ್ದು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಇಲ್ಲಿ ಎರಡು ಎಚ್ಚರಿಕೆ. ದಪ್ಪ ಅಕ್ಷರದಲ್ಲಿ ಬರೆದಿದೆ ಅಂದುಕೊಂಡು ಓದಿ.

ಒಂದು, ಶಾಲೆಯಲ್ಲಿ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಕೊಡುವ ಜಂತುಹುಳದ ಮಾತ್ರೆ ಇದಕ್ಕೆ ಸಾಲದು. ಅದು ಅಲ್ಬೆಂಡಜೋಲ್ ಒಂದೇ ಡೋಸ್, ಮುಖ್ಯವಾಗಿ ದುಂಡುಹುಳು, ಕೊಕ್ಕೆಹುಳಕ್ಕೆ. ಮಕ್ಕಳಿಗೆ ಅದು ಬೇಕೇ ಬೇಕು, ಕೊಡಿಸಿ. ಲಾಡಿಹುಳು ಅದರಲ್ಲೇ ಹೋಯಿತು ಎಂದು ಮಾತ್ರ ತಿಳಿಯಬೇಡಿ.

ಎರಡು, ಮೆಡಿಕಲ್ ಶಾಪಿನಿಂದ ನೀವೇ ಮಾತ್ರೆ ತಂದು ಮನೆಯವರಿಗೆಲ್ಲ ಹಂಚಬೇಡಿ. ಲಾಡಿಹುಳಕ್ಕೆ ಕೊಡುವ ಪ್ರಾಜಿಕ್ವಾಂಟೆಲ್ ಎಂಬ ಔಷಧಿ, ಮೆದುಳಿನಲ್ಲಿ ಗೊತ್ತಿಲ್ಲದೆ ಗುಳ್ಳೆ ಇರುವವರಿಗೆ ಫಿಟ್ಸ್ ತರಿಸಬಹುದು. ಮೊದಲು ಎಂದಾದರೂ ಫಿಟ್ಸ್ ಬಂದಿತ್ತೇ, ತುಂಬಾ ದಿನದ ತಲೆನೋವು ಇದೆಯೇ, ಇವನ್ನು ಡಾಕ್ಟರಿಗೆ ಬಿಚ್ಚಿ ಹೇಳಬೇಕು. ಕರುಳಲ್ಲೇ ಕೆಲಸ ಮಾಡುವ ನಿಕ್ಲೋಸಮೈಡ್ ಎಂಬ ಇನ್ನೊಂದು ಔಷಧಿಯೂ ಇದೆ. ಯಾವುದು, ಎಷ್ಟು ಎಂಬುದು ಅವರ ತೀರ್ಮಾನ. ಔಷಧಿ ತೆಗೆದುಕೊಂಡ ಮೇಲೆ ಹುಳ ಹೊರಗೆ ಬರುವಾಗ ಮೊಟ್ಟೆಯೂ ಬರುತ್ತದೆ. ಆ ದಿನಗಳಲ್ಲಂತೂ ತೋಟದ ಕಡೆ ಹೋಗುವ ಹಾಗಿಲ್ಲ.

ಮನೆಯಲ್ಲಿ ಯಾರಿಗಾದರೂ ಹೊಸದಾಗಿ ಫಿಟ್ಸ್ ಶುರುವಾದರೆ ಕೈಗೆ ಕಬ್ಬಿಣದ ಬೀಗದಕೈ ಕೊಟ್ಟು, ದಾರ ಕಟ್ಟಿಸಿ ಸುಮ್ನೆ ಕೂರಬೇಡಿ. ಬೀಗದಕೈಯಿಂದ ಫಿಟ್ಸ್ ನಿಂತದ್ದಲ್ಲ, ಅದು ಎರಡು ಮೂರು ನಿಮಿಷಕ್ಕೆ ತಾನಾಗಿ ನಿಲ್ಲುವಂಥದ್ದು. ಐದು ನಿಮಿಷ ದಾಟಿದರೆ ಕಾಯದೆ ಆಂಬ್ಯುಲೆನ್ಸ್ 108ಕ್ಕೆ ಫೋನ್ ಮಾಡಿ. ನಿಂತ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಮೆದುಳಿನ ಸ್ಕ್ಯಾನ್ ಬೇಕಾಗುತ್ತದೆ, ಆದ್ದರಿಂದ ಜಿಲ್ಲಾ ಮಟ್ಟದ ದೊಡ್ಡ ಆಸ್ಪತ್ರೆ, ಶಿವಮೊಗ್ಗದಲ್ಲಾದರೆ ಮೆಗ್ಗಾನ್. ಹಂದಿ ಸಾಕುತ್ತೇವೆ ಎಂಬುದನ್ನೂ ಡಾಕ್ಟರಿಗೆ ಹೇಳಿ. ಗುಳ್ಳೆಯಿಂದ ಬಂದ ಫಿಟ್ಸ್‌ಗೆ ಚಿಕಿತ್ಸೆ ಇದೆ.

ಹಂತ 5: ಹಂದಿಗೆ ಔಷಧಿ, ಲಸಿಕೆ

ಎಲ್ಲರೂ ಮೊದಲು ಕೇಳುವ ಪ್ರಶ್ನೆಯನ್ನು ಐದನೆಯದಾಗಿ ಇಟ್ಟಿದ್ದೇನೆ, ಬೇಕೆಂದೇ. ಮೇಲಿನದ್ದು ಮಾಡದೆ ಔಷಧಿ ಹಾಕಿದರೆ ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ಗುಳ್ಳೆಯನ್ನು ಕೊಲ್ಲುವ ಔಷಧಿ ಆಕ್ಸ್‌ಫೆಂಡಜೋಲ್. ಹಂದಿಯ ಒಂದು ಕಿಲೋ ತೂಕಕ್ಕೆ 30 ಮಿಲಿಗ್ರಾಂ, ಒಂದೇ ಸಲ, ಬಾಯಿಯ ಮೂಲಕ. ಇದು ಸಾಮಾನ್ಯ ಹುಳದ ಔಷಧಿಯಾಗಿ ಕೊಡುವ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬಾಟಲಿಯ ಮೇಲಿರುವ ದನ, ಕುರಿಯ ಡೋಸ್ ನೋಡಿ ಹಾಕಿದರೆ ಗುಳ್ಳೆಗೆ ಏನೂ ಆಗುವುದಿಲ್ಲ. ಆರು ತಿಂಗಳಿಗೊಮ್ಮೆ ಹಾಕುವ ಐವರ್‌ಮೆಕ್ಟಿನ್ ಇಂಜೆಕ್ಷನ್ನೂ ಈ ಗುಳ್ಳೆಗೆ ಕೆಲಸ ಮಾಡುವುದಿಲ್ಲ. "ಹುಳದ ಔಷಧಿ ತಪ್ಪದೆ ಹಾಕಿಸ್ತೀವಿ, ಆದರೂ ಹೇಗೆ ಬಂತು" ಎನ್ನುವವರಿಗೆ ಉತ್ತರ ಇದು.

ತೂಕ ಅಂದಾಜಿನಲ್ಲಿ ಹೇಳಬೇಡಿ. ಟೇಪು ತನ್ನಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಕಿವಿಯ ಬುಡದ ನಡುವಿನಿಂದ ಬಾಲದ ಬುಡದವರೆಗೆ ಉದ್ದ ತೆಗೆಯಿರಿ. ಎರಡೂ ಮೀಟರ್ ಲೆಕ್ಕದಲ್ಲಿ ಇರಲಿ. ಸುತ್ತಳತೆ ಗುಣಿಸು ಸುತ್ತಳತೆ ಗುಣಿಸು ಉದ್ದ ಗುಣಿಸು 69.3. ಸುತ್ತಳತೆ 0.8, ಉದ್ದ 0.8 ಇದ್ದರೆ ತೂಕ ಸುಮಾರು 35 ಕಿಲೋ. ಅಂಥ ಹಂದಿಗೆ 1,050 ಮಿಲಿಗ್ರಾಂ ಬೇಕು. ಔಷಧಿಯ ಒಂದು ಮಿಲಿಯಲ್ಲಿ 100 ಮಿಲಿಗ್ರಾಂ ಇದ್ದರೆ ಹತ್ತೂವರೆ ಮಿಲಿ. ಎಲ್ಲ ಕಂಪನಿಯ ಔಷಧಿಯೂ ಒಂದೇ ಗಟ್ಟಿ ಇರುವುದಿಲ್ಲ, ಕೆಲವದರಲ್ಲಿ ಬೇರೆ ಔಷಧಿಯೂ ಬೆರೆತಿರುತ್ತದೆ. ಲೇಬಲ್ಲನ್ನು ಪಶುವೈದ್ಯರಿಗೆ ತೋರಿಸಿ, ಅವರು ಬರೆದುಕೊಟ್ಟಂತೆ ಹಾಕಿ. ಗಬ್ಬದ ಹಂದಿ ಇದ್ದರೆ ಮೊದಲೇ ಹೇಳಿ.

ಮೇವಿನಲ್ಲಿ ಬೆರೆಸಿ ಮರಿಗೆಗೆ ಸುರಿದರೆ ಜೋರಿನ ಹಂದಿ ಎರಡು ಪಾಲು ತಿನ್ನುತ್ತದೆ, ಮೆತ್ತನೆಯದಕ್ಕೆ ಸಿಗುವುದೇ ಇಲ್ಲ. ಒಂದೊಂದಕ್ಕೂ ಬೇರೆ ಬೇರೆಯಾಗಿ ಬಾಯಿಗೆ ಹಾಕಬೇಕು. ತಲೆ ತೀರಾ ಮೇಲೆತ್ತಿ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ದವಡೆಯ ಪಕ್ಕದಿಂದ ನಿಧಾನಕ್ಕೆ ಬಿಡಿ.

ಔಷಧಿ ಹಾಕಿದ ಮೇಲೆ ಕನಿಷ್ಠ 21 ದಿನ ಆ ಹಂದಿಯನ್ನು ಕೊಯ್ಯುವಂತಿಲ್ಲ, ಮಾಂಸದಲ್ಲಿ ಔಷಧಿ ಉಳಿದಿರುತ್ತದೆ. ಅದು ಔಷಧಿಯ ಲೆಕ್ಕ. ಸತ್ತ ಗುಳ್ಳೆ ಮಾಂಸದಲ್ಲಿ ಕರಗಲು ಸುಮಾರು ಮೂರು ತಿಂಗಳು ಬೇಕು. ಕ್ರಿಸ್‌ಮಸ್‌ಗೆ ಕೊಯ್ಯುವ ಹಂದಿಯಾದರೆ ಸೆಪ್ಟೆಂಬರ್ ಮಧ್ಯದೊಳಗೆ ಔಷಧಿ ಆಗಿರಬೇಕು. ಹಾಕಿದ ದಿನವೇ ಗೂಡಿನ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಮನಸ್ಸಿನಲ್ಲಿ ಇಟ್ಟುಕೊಂಡದ್ದು ಹಬ್ಬದ ಗಡಿಬಿಡಿಯಲ್ಲಿ ನೆನಪಿರುವುದಿಲ್ಲ.

ಲಸಿಕೆಯೂ ಇದೆ. ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಸಿಸ್ವ್ಯಾಕ್ಸ್ ಎಂಬ ಹೆಸರಿನಲ್ಲಿ ಮಾಡಿದೆ. ಮರಿಗೆ ಎರಡು ತಿಂಗಳಾದ ಮೇಲೆ ಮೊದಲ ಡೋಸ್, ಮೂರು ನಾಲ್ಕು ವಾರ ಬಿಟ್ಟು ಎರಡನೆಯದು. ಒಂದೇ ಡೋಸ್ ಹಾಕಿಸಿ ನಿಲ್ಲಿಸಿದರೆ ಹಾಕಿಸಿದ್ದೇ ದಂಡ. ಲಸಿಕೆ ಹೊಸ ಗುಳ್ಳೆ ಆಗದಂತೆ ತಡೆಯುತ್ತದೆ, ಈಗಾಗಲೇ ಇರುವುದನ್ನು ಕೊಲ್ಲುವುದಿಲ್ಲ. ಆದ್ದರಿಂದ ಲಸಿಕೆ ಮತ್ತು ಆಕ್ಸ್‌ಫೆಂಡಜೋಲ್ ಎರಡನ್ನೂ ಜೋಡಿಸುತ್ತಾರೆ. ಒಂದು ಬಾಟಲಿಯಲ್ಲಿ ಹಲವು ಹಂದಿಗೆ ಆಗುವಷ್ಟು ಇರುತ್ತದೆ ಎಂದರೆ ನಾಲ್ಕೈದು ಮನೆಯವರು ಸೇರಿ ತರಿಸಿ, ಪಶುವೈದ್ಯರ ಹತ್ತಿರ ಒಂದೇ ದಿನ ಹಾಕಿಸಿ.

ಹಂತ 6: ಕೊಯ್ಯುವ ದಿನ

ನಾನು ಮೊದಲ ಸಲ ಈ ಗುಳ್ಳೆ ನೋಡಿದ್ದು ನೆರೆಮನೆಯ ಅಂಗಳದಲ್ಲಿ, ಬಾಳೆ ಎಲೆಯ ಮೇಲೆ ಹರಡಿದ್ದ ತೊಡೆ ಮಾಂಸದಲ್ಲಿ. ಪಾಯಸಕ್ಕೆ ಬೇಯಿಸಿದ ಸಾಬಕ್ಕಿಯ ಹಾಗೇ ಇತ್ತು. ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್, ಒಳಗೆ ತಿಳಿನೀರು, ನಡುವೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ. ಆ ಚುಕ್ಕೆಯೇ ಮುಂದೆ ಹುಳದ ತಲೆ. ಕೊಯ್ಯುತ್ತಿದ್ದವರು ಕೊಬ್ಬು ಎಂದರು. ಕೊಬ್ಬನ್ನು ಒತ್ತಿದರೆ ಜಿಡ್ಡಾಗುತ್ತದೆ, ಇದನ್ನು ಒತ್ತಿದಾಗ ಪಟ್ ಎಂದು ನೀರು ಚಿಮ್ಮಿತು.

ಕೊಯ್ದ ಕೂಡಲೇ ಪಾಲು ಹಾಕಬೇಡಿ. ನಾಲಿಗೆ, ದವಡೆಯ ಮಾಂಸ, ಹೃದಯ, ಎದೆ ಮತ್ತು ಹೊಟ್ಟೆಯ ನಡುವಿನ ವಪೆ, ಭುಜ, ಒಳತೊಡೆ, ಈ ಕಡೆಗಳಲ್ಲಿ ಚಾಕು ಹಾಕಿ ತೆರೆದು ಬೆಳಕಿನಲ್ಲಿ ನೋಡಿ. ಹಳೆಯದಾದ ಗುಳ್ಳೆ ಸುಣ್ಣದ ಹರಳಿನಂತೆ ಗಟ್ಟಿಯಾಗಿ, ಚಾಕುವಿಗೆ ಕರಕರ ಎಂದು ಸಿಗುತ್ತದೆ. ಅದೂ ಇದೇ ಕಾಯಿಲೆಯ ಗುರುತು.

ಸಿಕ್ಕರೆ ಇಡೀ ಹಂದಿ ಬಿಡಬೇಕು. ಗುಳ್ಳೆ ಆರಿಸಿ ತೆಗೆದು ಉಳಿದದ್ದು ತಿನ್ನುತ್ತೇವೆ ಎನ್ನುವವರಿದ್ದಾರೆ. ಆರಿಸಿ ಮುಗಿಯುವ ಲೆಕ್ಕವಲ್ಲ ಅದು. ಸುಟ್ಟುಬಿಡಿ, ಇಲ್ಲವೇ 6 ಅಡಿ ಗುಂಡಿಗೆ ಹಾಕಿ ಸುಣ್ಣ ಸುರಿದು ಹೂಳಿ, ಬಾವಿ ಮತ್ತು ಹಳ್ಳದಿಂದ ದೂರ. ನಷ್ಟ ದೊಡ್ಡದು, ಒಪ್ಪುತ್ತೇನೆ. ಹಂದಿ ಬದುಕಿದ್ದಾಗಲೇ ಗೊತ್ತಾದರೆ ಔಷಧಿ ಹಾಕಿ ಕಾಯಬಹುದು, ಆ ನಷ್ಟ ಆಗುವುದಿಲ್ಲ. ನಾಲಿಗೆ ನೋಡಿ ಎಂದು ಮೊದಲೇ ಹೇಳಿದ್ದು ಅದಕ್ಕೇ. ಗುಳ್ಳೆ ಸಿಕ್ಕ ಹಂದಿಯನ್ನು ಕತ್ತಲಲ್ಲಿ ಕಡಿಮೆ ದರಕ್ಕೆ ವ್ಯಾಪಾರಿಗೆ ದಾಟಿಸುವುದು ಮಾತ್ರ ಬೇಡ. ಆ ಮಾಂಸ ತಿಂದವರಲ್ಲಿ ಯಾರೋ ನಾಳೆ ನಿಮ್ಮದೇ ತೋಟಕ್ಕೆ ಕೆಲಸಕ್ಕೆ ಬರುತ್ತಾರೆ.

ಹಂತ 7: ಅಡುಗೆಮನೆ

ಕಣ್ಣಿಗೆ ಚೆನ್ನಾಗಿ ಕಂಡ ಮಾಂಸದಲ್ಲೂ ಒಂದೆರಡು ಗುಳ್ಳೆ ಅಡಗಿರಬಹುದು. ಆದ್ದರಿಂದ ಬೇಯಿಸುವುದು ಪೂರ್ತಿ ಆಗಬೇಕು. ದೊಡ್ಡ ತುಂಡಿನ ನಡುವೆ ಕತ್ತರಿಸಿ ನೋಡಿದರೆ ಗುಲಾಬಿ ಬಣ್ಣ ಕಾಣಬಾರದು, ಕೆಂಪು ನೀರು ಒಸರಬಾರದು. ಗಂಟೆಗಟ್ಟಲೆ ಕುದಿಯುವ ಸಾರಿನಲ್ಲಿ ಭಯವಿಲ್ಲ. ಭಯ ಇರುವುದು ಕೊಯ್ದ ದಿನವೇ ಒಲೆಯ ಪಕ್ಕ ಕೆಂಡದಲ್ಲಿ ಸುಟ್ಟು, ಉಪ್ಪು ಖಾರ ಸವರಿ, ಗ್ಲಾಸಿನ ಜೊತೆ ತಿನ್ನುವ ತುಂಡಿನಲ್ಲಿ. ಹೊರಗೆ ಕರಟಿರುತ್ತದೆ, ಒಳಗೆ ಹಸಿ. ಒಲೆಯ ಮೇಲೆ ನೇತುಹಾಕಿ ಹೊಗೆಗೆ ಒಣಗಿಸಿದ ಮಾಂಸವನ್ನೂ ಬೇಯಿಸಿಯೇ ತಿನ್ನಿ. ಫ್ರೀಜರ್‌ನಲ್ಲಿ ಮೈನಸ್ 15 ಡಿಗ್ರಿಯಲ್ಲಿ ಮೂರು ದಿನ ಇಟ್ಟರೆ ಗುಳ್ಳೆ ಸಾಯುತ್ತದೆ ಎಂಬ ಲೆಕ್ಕ ಇದೆ. ನಮ್ಮ ಕರೆಂಟನ್ನು ನಂಬಿ ಮೂರು ದಿನ ಎಣಿಸುವ ಧೈರ್ಯ ನನಗಿಲ್ಲ.

ಸೊಪ್ಪಿನ ವಿಷಯ ಸಸ್ಯಾಹಾರಿಗಳಿಗೂ ಸೇರಿದ್ದು. ಗದ್ದೆ ಬದುವಿನ ಒಂದೆಲಗ ಕಿತ್ತು ಹಸಿಯಾಗಿ ಅರೆದು ತಂಬುಳಿ ಮಾಡುತ್ತೇವಲ್ಲ, ಆ ಸೊಪ್ಪು ನೆಲಕ್ಕೆ ಅಂಟಿಯೇ ಬೆಳೆಯುವುದು. ಕಪ್ಪಿನ ನೀರು ಮೇಲೆ ಹಾದು ಹೋಗಿರುತ್ತದೆ. ಎಲೆ ಎಲೆ ಬಿಡಿಸಿ, ಹರಿಯುವ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯಿರಿ. ಉಪ್ಪುನೀರಿನಲ್ಲಿ ನೆನೆಹಾಕಿದರೆ ಮೊಟ್ಟೆ ಸಾಯುವುದಿಲ್ಲ. ಅನುಮಾನ ಇದ್ದರೆ ಸೊಪ್ಪನ್ನು ಬೇಯಿಸಿ ಅರೆಯಿರಿ, ರುಚಿ ಸ್ವಲ್ಪ ಬೇರೆಯಾಗುತ್ತದೆ ಅಷ್ಟೇ. ಕುಡಿಯುವ ನೀರು ಕುದಿಸಿ. ಕಕ್ಕಸಿನಿಂದ ಬಂದ ಮೇಲೆ, ಅಡುಗೆಗೆ ಕೂರುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಉಗುರಿನ ಸಂದಿಯನ್ನೂ. ಮೊಟ್ಟೆ ಅಂಟುಗುಣದ್ದು, ಬರೀ ನೀರಿಗೆ ಬಿಡುವುದಿಲ್ಲ.

ಹಂತ 8: ಹೊಸ ಮರಿ ತರುವಾಗ

ಇಷ್ಟೆಲ್ಲ ಮಾಡಿ, ಸಂತೆಯಿಂದ ಬಿಟ್ಟು ಮೇಯಿಸಿದ ಮರಿ ತಂದರೆ ಗುಳ್ಳೆಯನ್ನು ದುಡ್ಡು ಕೊಟ್ಟು ತಂದ ಹಾಗೆ. ಆದಷ್ಟು ತಾಯಿಯನ್ನು ಗೂಡಿನಲ್ಲೇ ಸಾಕಿದವರ ಹತ್ತಿರ, ಹಾಲು ಬಿಡಿಸಿದ ಹೊಸದರಲ್ಲೇ ಮರಿ ತನ್ನಿ. ನಾಲ್ಕೈದು ತಿಂಗಳ ಬೆಳೆದ ಹಂದಿಯಾದರೆ ದುಡ್ಡು ಕೊಡುವ ಮುಂಚೆ ನಾಲಿಗೆ ನೋಡಿ, ತಂದ ಮೇಲೆ ಪಶುವೈದ್ಯರಿಗೆ ತೋರಿಸಿ ಔಷಧಿಯ ದಿನ ಗೊತ್ತು ಮಾಡಿ.

ಮರಿ ಕೊಡುವವರ ಮನೆಗೇ ಹೋಗಿ. ಗೂಡು ನೋಡಿದ ಮೇಲೆ, ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ನಡೆದು ಅವರ ಕಕ್ಕಸು ಗುಂಡಿಯ ಪೈಪು ಎಲ್ಲಿಗೆ ಹೋಗಿದೆ ನೋಡಿ. ಮಳೆಗಾಲದಲ್ಲಿ ಹೋದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.